ಎಂಟು ಜನರಿಗೆ ಮಾತ್ರ

ಅರ್ಜಿಯ ನಾಲ್ಕನೆಯ ಪುಟ ಕೇಳುತ್ತದೆ:
ನಿಮ್ಮ ಮೇಲೆ ಪ್ರಭಾವ ಬೀರಿದವರು ಯಾರು?
ಐನೂರು ಪದ ಮೀರಬಾರದು.
ಹೋದ ವರ್ಷ ದೊಡ್ಡ ದೊಡ್ಡ ಹೆಸರು ಬರೆದೆ,
ಮೂವರು ಸ್ವಿಸ್ಸರು, ಒಬ್ಬ ಡಚ್ಚಿನವನು,
ಎಲ್ಲ ಪುಸ್ತಕದಲ್ಲಿ ಕಂಡವರು, ಅದೂ ಎರವಲು ತಂದ ಪುಸ್ತಕ.
ಲೈಪ್‌ಜಿಗ್‌ನಿಂದ ಎರಡೇ ಸಾಲಿನ ಉತ್ತರ ಬಂತು.
ಬೇಡ ಅನ್ನುವುದನ್ನೂ
ಇಷ್ಟು ಅಚ್ಚುಕಟ್ಟಾಗಿ ಜೋಡಿಸಬಹುದು
ಎಂದು ಅವತ್ತು ಕಲಿತೆ.

ಈ ಸಲ ಗುಲಿಕೊ ಚಿಕ್ಕಮ್ಮನಿಂದ ಶುರುಮಾಡುತ್ತೇನೆ.

ಚಿಯಾತುರಾ. ಕಣಿವೆಯ ತಳಕ್ಕೆ ಊರು,
ಮೇಲೆ ಮ್ಯಾಂಗನೀಸ್ ಗಣಿ, ನಡುವೆ ಉಕ್ಕಿನ ಹಗ್ಗ.
ಹಗ್ಗಕ್ಕೆ ತೂಗುಬಿದ್ದ ಕಬ್ಬಿಣದ ಡಬ್ಬಿಯಲ್ಲಿ
ಇಪ್ಪತ್ತಾರು ವರ್ಷ ಚಿಕ್ಕಮ್ಮ
ಬಾಗಿಲು ಹಾಕಿದಳು, ಬಾಗಿಲು ತೆಗೆದಳು.
ಶಾಲೆ ಬಿಟ್ಟ ಮೇಲೆ ನಾನು ಅವಳ ಸ್ಟೂಲಿನ ಮೇಲೆ.
ಮೇಲಕ್ಕೆ ಆರು ನಿಮಿಷ, ಕೆಳಕ್ಕೆ ಆರು ನಿಮಿಷ,
ಓದಲಿಕ್ಕೆ ಇದ್ದದ್ದು ಒಂದೇ ಒಂದು ಫಲಕ:
ಎಂಟು ಜನರಿಗೆ ಮಾತ್ರ.

ಬರೆದವನು ಗಣಿಯ ಪೇಂಟರ್ ಕಾರ್ಲೊ.
ವರ್ಷಕ್ಕೊಮ್ಮೆ, ಕೆಂಪು ಬಣ್ಣ ಬಂದರೆ,
ಹಳೆಯ ಅಕ್ಷರದ ಮೇಲೇ ಹೊಸದು ಎಳೆಯುತ್ತಿದ್ದ.
ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಕುಂಚ ಬತ್ತಿ
ಬಾಲ ಸೀಳುತ್ತಿತ್ತು,
ಗಾಳಿಗೆ ಬೆನ್ನು ಕೊಟ್ಟು ನಿಂತ ಕುದುರೆಯ ಹಾಗೆ.
ಮತ್ತೆ ಅದ್ದಬಹುದಿತ್ತು. ಅದ್ದುತ್ತಿರಲಿಲ್ಲ.
ಉಳಿತಾಯವೋ, ಸೋಮಾರಿತನವೋ, ಕಲೆಯೋ,
ಕೇಳಿದ್ದಕ್ಕೆ ಕಾರ್ಲೊ ಸೀನಿದ.

ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಇಲ್ಲ.
ರಾಜನ ಹೆಸರೂ ಉಪ್ಪಿನ ಹೆಸರೂ
ಒಂದೇ ಎತ್ತರದಿಂದ ಶುರು.
ಟಿಬಿಲಿಸಿಯ ಮೊದಲ ಕೆಲಸದಲ್ಲಿ ಇದನ್ನು ಹೇಳಿ
ಬಾಸ್ ತೆಂಗಿಜನ ಹತ್ತಿರ ಬೈಸಿಕೊಂಡೆ.
ಅವನಿಗೆ ಅಕ್ಷರ ತೆಳ್ಳಗಿರಬೇಕು, ಯುರೋಪಿನ ಹಾಗೆ.
ಅವುಗಳನ್ನು ಉಪವಾಸ ಕೆಡವಿದೆ.
ಏಳು ವರ್ಷ ಹೊಟ್ಟೆಪಾಡು:
ಹಸಿರು ಷರಬತ್ತಿನ ಲೇಬಲ್, ಕೆಮ್ಮಿನ ಔಷಧಿಯ ಡಬ್ಬಿ,
ಒಂದೇ ವಾರದಲ್ಲಿ ಎರಡು ಪಕ್ಷಗಳ ಪೋಸ್ಟರು,
ಎರಡಕ್ಕೂ ಒಂದೇ ಫಾಂಟು.
ಯಾರಿಗೂ ಗೊತ್ತಾಗಲಿಲ್ಲ.
ಗೊತ್ತಾಗಲಿ ಅಂತಲೇ ಹಾಗೆ ಮಾಡಿದ್ದೆ.

ಆಸಕ್ತಿಗಳಿಗೆ ಬೇರೆಯೇ ಚೌಕ.
ರೊಟ್ಟಿ ಒಲೆಯ ಪಕ್ಕದ ಗೋಡೆಯಲ್ಲಿ
ಸೀಮೆಸುಣ್ಣದಲ್ಲಿ ಗೀಚಿದ ಸಾಲದ ಲೆಕ್ಕ.
ಸ್ಮಶಾನಗಳು. ಇದನ್ನು ಅಳಿಸಬೇಕೇನೋ.
ಹೆಸರು ಉದ್ದವಾದಾಗ ಕಲ್ಲು ಕೆತ್ತುವವನು
ಕೊನೆಯ ಎರಡಕ್ಷರವನ್ನು ಒತ್ತೊತ್ತಾಗಿ ಕೂರಿಸಿರುತ್ತಾನೆ,
ಬಸ್ಸಿನಲ್ಲಿ ಸ್ವಲ್ಪ ಸರೀರಿ ಅಂದ ಹಾಗೆ.
ಅದನ್ನು ಕಂಡರೆ ಪರಿಚಯವೇ ಇಲ್ಲದ ಸತ್ತವರ ಮೇಲೆ
ನನಗೆ ಪ್ರೀತಿ ಬರುತ್ತದೆ.

ಹೊಸ ರೋಪ್‌ವೇ ಬಂದಾಗ
ಹಳೆಯ ಡಬ್ಬಿಗಳನ್ನು ತೂಕಕ್ಕೆ ಹಾಕಿದರು.
ಗುಜರಿಯವನಿಗೆ ಎರಡು ಜಾಡಿ ಪ್ಲಮ್ ಚಟ್ನಿ ಕೊಟ್ಟು
ಚಿಕ್ಕಮ್ಮ ಫಲಕ ಬಿಡಿಸಿಕೊಂಡಳು.
ಈಗ ಅದು ನನ್ನ ಮಂಚದಡಿ.
ಮೂಲೆ ಕೆರೆದೆ: ಕೆಂಪಿನಡಿ ಕೆಂಪು, ಅದರಡಿ ಕೆಂಪು,
ಇಪ್ಪತ್ತೊಂದು ಪದರ ಎಣಿಸಿದೆ.
ಎಲ್ಲಕ್ಕಿಂತ ಕೆಳಗೆ
ಆರು ಜನರಿಗೆ ಎಂದಿತ್ತು.

ಫೋನು ಮಾಡಿ ಹೇಳಿದೆ. ಗೊತ್ತು, ಅಂದಳು.
ಹನ್ನೆರಡು ಜನ ಹೋಗುತ್ತಿದ್ದೆವು.

ಸಂದರ್ಶನದ ದಿನ ಕರೆಂಟು ಕೈಕೊಟ್ಟಿತು.
ಫೋನಿನ ಪರದೆಯಲ್ಲಿ ಪ್ರೊಫೆಸರ್ ಹೆನ್ರೀಕೆ, ಹಿಂದೆ ಬಿಳಿ ಗೋಡೆ.
ನಿಮ್ಮ ಹೆಸರನ್ನು ಹೇಗೆ ಉಚ್ಚರಿಸಬೇಕು?
ಮಾಕ್ವಾಲಾ. ಮುಳ್ಳುಪೊದೆಯ ಕಪ್ಪು ಹಣ್ಣು.
ನಡುವಿನ ಅಕ್ಷರ ನಿಮ್ಮ ಲಿಪಿಯಲ್ಲಿಲ್ಲ,
ಗಂಟಲ ತಳದಲ್ಲಿ, ಬೀಜ ಸಿಕ್ಕಿಕೊಳ್ಳುವ ಜಾಗದಲ್ಲಿ ಹುಟ್ಟುತ್ತದೆ;
ನಮ್ಮ ಮಕ್ಕಳಿಗೆ ಅದನ್ನು ಕಪ್ಪೆ ಕಲಿಸುತ್ತದೆ.
ಪಾಸ್‌ಪೋರ್ಟಿನವರು ಕೈಗೆ ಸಿಕ್ಕಿದ್ದನ್ನು ತುರುಕಿದ್ದಾರೆ.
ಅವರು ಪ್ರಯತ್ನಿಸಿದರು. ಕೆಮ್ಮಿದರು. ಮತ್ತೆ ಪ್ರಯತ್ನಿಸಿದರು.
ಮೇಣದಬತ್ತಿಯ ಹತ್ತಿರ ಫಲಕ ಹಿಡಿದು
ಕೆರೆದ ಮೂಲೆ ತೋರಿಸಿದೆ.
ಬಹಳ ಹೊತ್ತು ಸುಮ್ಮನಿದ್ದರು,
ಸಂಪರ್ಕ ಕಡಿದಿತ್ತೋ ಏನೋ.

ಅಕ್ಷರ ಬರೆಯಲಿಕ್ಕೆ ಎರಡು ವರ್ಷ ಓದಬೇಕಾ?
ಕಾರ್ಲೊ ಏನು ಓದಿದ್ದ? ಚಿಕ್ಕಮ್ಮನ ಪ್ರಶ್ನೆ.
ಉತ್ತರ ನನ್ನ ಹತ್ತಿರ ಇನ್ನೂ ಇಲ್ಲ.
ಸೂಟ್‌ಕೇಸಿಗೆ ಇಪ್ಪತ್ತಮೂರು ಕಿಲೋ ಮಿತಿ,
ಫಲಕವೇ ಒಂಬತ್ತು.
ಉಣ್ಣೆಯ ಕೋಟು ತೆಗೆದಿಟ್ಟೆ, ಒಂದು ಜೊತೆ ಬೂಟು ತೆಗೆದಿಟ್ಟೆ.
ತಕ್ಕಡಿಯ ಮುಳ್ಳು ನಡುಗಿ ನಿಂತಿತು.
ಚಿಕ್ಕಮ್ಮ ಬಗ್ಗಿ ನೋಡಿದಳು,
ಹಳೆಯ ಅಭ್ಯಾಸ, ಕೈ ಬಾಗಿಲಿನ ಚಿಲಕ ಹುಡುಕಿತು:
ಇನ್ನೊಬ್ಬರು ಹತ್ತಬಹುದು.