ಏಳು ಗೀಟು

ಭಟ್ಕಳದ ಬಂದರ ರಸ್ತೆ, ಮೂರನೇ ಓಣಿ, ಹಸಿರು ಬಾಗಿಲು.
ಒಳಗೆ ಕಾಲಿಟ್ಟರೆ ಕರೆಂಟಿನ ಮೀಟರಿನ ಪಕ್ಕ
ಸುಣ್ಣದ ಗೋಡೆಗೆ ಏಳು ಗೀಟು.
ನನಗೆ ಓದು ಬರಹ ಇಲ್ಲ. ಬಚ್ಚಲೊಲೆಯ ಇದ್ದಿಲು,
ಗೀಟಿಗೆ ಐವತ್ತು ರೂಪಾಯಿ,
ನಾನೂ ಬರೀರಾನೂ ಮಾಡಿಕೊಂಡ ಕಾನೂನು.

ಕರಾಚಿಯಿಂದ ಮದುವೆಯಾಗಿ ಬಂದ ಹೊಸತರಲ್ಲಿ
ತಾರ್ಲೆಗೆ ಇನ್ನೇನೋ ಅನ್ನುತ್ತಿದ್ದಳು, ಬಂಗಡೆಗೆ ಇನ್ನೇನೋ,
ಬೆರಳಲ್ಲಿ ತೋರಿಸಿ, ಮುಖ ಮುಚ್ಚಿಕೊಂಡು ನಗುತ್ತಿದ್ದಳು.
"ನಮ್ಮಲ್ಲೂ ಸಮುದ್ರ ಇದೆ ಮಾದೇವಕ್ಕ, ಇದೇ ಸಮುದ್ರ."
ಇದ್ದೀತು ಅಂದೆ. ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವವಳನ್ನು
ಅಲ್ಲಿವರೆಗೆ ನಾನು ಕಂಡಿರಲಿಲ್ಲ.
ಮೊದಲ ವರ್ಷ ಮೋಸ ಮಾಡಿದ್ದೇನೆ, ಸುಳ್ಳು ಯಾಕೆ ಹೇಳಲಿ,
ನಿನ್ನೆಯ ಮಂಜುಗಡ್ಡೆಯ ಮೀನು ಇವತ್ತಿನ ರೇಟಿಗೆ.
ಎರಡನೇ ವರ್ಷಕ್ಕೆ ಕಿವಿರು ಎತ್ತಲು ಕಲಿತಳು.
ಮೂರನೇ ವರ್ಷಕ್ಕೆ ಬೈಯಲು.

ಏಳರಲ್ಲಿ ಮೊದಲೆರಡು ಗೀಟು ಶೆಟ್ಲಿಯದ್ದು.
ಉಳಿದ ಐದೂ ತಾಟೆ ಮರಿ.
ಬಾಣಂತಿಗೆ ತಾಟೆ ಹಾಲು ತರಿಸುತ್ತದೆ,
ನಮ್ಮಮ್ಮ ನನಗೆ ಬಡಿಸಿದ್ದು, ನಾನು ನನ್ನ ಸೊಸೆಗೆ.
ಅವಳಿಗೆ ಇಲ್ಲಿ ತಾಯಿ ಇರಲಿಲ್ಲವಲ್ಲ,
ಬೆಳ್ಳುಳ್ಳಿ ಎಷ್ಟು, ಕಾಳುಮೆಣಸು ಎಷ್ಟು
ನಾನೇ ಹೊಸ್ತಿಲಲ್ಲಿ ಕೂತು ಹೇಳಿಕೊಟ್ಟೆ.
ಕೂಸಿಗೆ ಎಂಟು ತಿಂಗಳು. ಹಾಲು ಉಕ್ಕುತ್ತಿತ್ತು.

ಆಮೇಲೆ ಜೀಪು ಬಂತು.
ವೀಸಾ ಮುಗಿದು ಮೂರು ವರ್ಷವಂತೆ,
ಅರ್ಜಿ ದಿಲ್ಲಿಯ ಯಾವುದೋ ಮೇಜಿನ ಮೇಲೆ ಕೂತೇ ಇತ್ತಂತೆ.
ಅರ್ಜಿ ಕೂತಿತ್ತು; ಅವಳಿಗೆ ಏಳು ಅಂದರು.
ಎರಡು ದಿನ ಟೈಮು.
ಅವಳ ಕಾಗದದಲ್ಲಿ ಆ ದೇಶ, ಕೂಸಿನ ಕಾಗದದಲ್ಲಿ ಈ ದೇಶ.

ಮಿಸ್ಬಾ ಗೇಟಿನವರೆಗೂ ಹೋದ. ರೈಲಲ್ಲಿ ಎರಡು ರಾತ್ರಿ
ಕೂಸು ಎದೆ ಬಿಡಲಿಲ್ಲವಂತೆ.
ಗೇಟಿನಲ್ಲಿ ಬಿಡಿಸಿದರು.
ಬರುವಾಗ ಬಾಟಲಿಯ ರಬ್ಬರು ಉಗಿದು ಉಗಿದು
ರತ್ಲಾಮಿನ ಹತ್ತಿರ ಅಳುವುದನ್ನೇ ಬಿಟ್ಟಿತಂತೆ.
ಇಷ್ಟು ಹೇಳಿ ಅವನು ಚಪ್ಪಲಿ ಹುಡುಕತೊಡಗಿದ.
ಕಾಲಲ್ಲೇ ಇತ್ತು.

ನನ್ನ ತಲೆ ಓಡಿದ್ದು ಒಂದೇ ಕಡೆ:
ಐದು ತಾಟೆ ಮರಿ. ಆ ಹಾಲು?
ಅಲ್ಲಿ ಯಾರ ಮನೆಯ ಬಚ್ಚಲಲ್ಲಿ
ಗೋಡೆಗೆ ಹಣೆ ಕೊಟ್ಟು ಹಿಂಡಿ ಚೆಲ್ಲಿದಳೋ,
ಎಷ್ಟು ದಿನಕ್ಕೆ ಬತ್ತಿತೋ.
ಮೀನು ಮಾರುವವಳಿಗೆ ಬರುವ ಲೆಕ್ಕ ಇಷ್ಟೇ.

ಹಬ್ಬದ ಮುಂಚೆ ಸುಣ್ಣ ಬಳಿಯುವವನು ಬಂದಿದ್ದ.
ಮಿಸ್ಬಾ ಐವತ್ತರ ಏಳು ನೋಟು ಹಿಡಿದು ನಿಂತಿದ್ದ,
"ಮುಗಿಸಿಬಿಡುವಾ ಮಾದೇವಕ್ಕ."
ನಾನು ಬುಟ್ಟಿ ಇಳಿಸಲೂ ಇಲ್ಲ.
"ಸಾಲ ನಿನ್ನದಾ? ಮಾಡಿದವಳು ಬಂದು ಕೊಡಲಿ.
ಏ ತಮ್ಮಾ, ಬ್ರಷ್ಷು ಆಚೆ ತಗೊ,
ಆ ಮೊಳದಷ್ಟು ಗೋಡೆ ನನ್ನದು."
ಅವನು ನೋಟು ಮಡಚಿದ.
ಸುಣ್ಣದವ ಸುತ್ತ ಬಳಿದು ಹೋದ;
ಹಳೇ ಗೋಡೆಯ ಒಂದು ತುಂಡು
ಹಾಗೇ ಉಳಿದಿದೆ, ಕೊಳಕಾಗಿ.

ಇವತ್ತು ಬಾಗಿಲು ತೆಗೆದದ್ದು ಇಫ್ಫತ್, ಮೂರನೇ ಕ್ಲಾಸು.
ಸೊಂಟದ ಮೇಲೆ ತಮ್ಮ, ಕೈಯಲ್ಲಿ ಅಪ್ಪನ ಫೋನು.
ಫೋನನ್ನು ಬುಟ್ಟಿಯೊಳಗೆ ಬಗ್ಗಿಸಿದಳು.
ಒಳಗಿಂದ ಬರೀರಾ:
"ಕಿವಿರು ಎತ್ತು. ಕೆಂಪಿದೆಯಾ? ಇನ್ನೂ ಹತ್ತಿರ ಹಿಡಿ.
ಐವತ್ತಕ್ಕೆ ಎಷ್ಟಂತೆ?"
"ಹನ್ನೆರಡು."
"ಹನ್ನೆರಡಾ! ಮಾದೇವಕ್ಕ, ನಾನಿಲ್ಲ ಅಂತಲಾ?"
ಬೈದಳು, ನನ್ನಿಂದಲೇ ಕಲಿತದ್ದರಲ್ಲಿ.
ನಾನೂ ಬಿಡಲಿಲ್ಲ, ಡೀಸೆಲ್ಲಿನ ರೇಟು ಗೊತ್ತಾ ನಿನಗೆ ಅಂದೆ.
ಇನ್ನೇನು ಹದಿನೈದಕ್ಕೆ ಬಂದಿದ್ದೆವು,
ಅವಳ ಮುಖ ನಿಂತುಹೋಯಿತು,
ತೆರೆದ ಬಾಯಿ ತೆರೆದ ಹಾಗೇ.

ಹದಿನೆಂಟು ಎಣಿಸಿ ಹಾಕಿದೆ.
ಕೂಸು ಫೋನಿನ ಗಾಜು ನೆಕ್ಕುತ್ತಿತ್ತು.
ಇಫ್ಫತ್ ಇದ್ದಿಲು ತಂದಳು.
ಎಟುಕಲಿಲ್ಲ; ಆ ಏಳರ ಕೆಳಗೆ, ಹೊಸ ಸುಣ್ಣದ ಮೇಲೆ,
ತನ್ನ ಎತ್ತರಕ್ಕೆ ಒಂದು ಎಳೆದಳು.