ಮಾಚಿಪತ್ರೆ

ನೀರಿಂದ ತಲೆಯೆತ್ತುವಾಗ ಅವ್ವನ ಬಾಯಲ್ಲಿ
ಒಂದು ಸಿಳ್ಳೆ: ಹ್ವೀ...
ಜೇಜು ದಡದ ಕರಿಕಲ್ಲ ಮೇಲೆ ಕೂತು
ಕಣ್ಮುಚ್ಚಿಯೂ ಹೇಳುತ್ತಿದ್ದೆ,
ಇದು ನಮ್ಮವ್ವನದು, ಅದು ಯಾಂಗ್ ಅಜ್ಜಿಯದು.

ಅರವತ್ತು ವರ್ಷ ಉಸಿರು ಕಟ್ಟಿ ಮುಳುಗಿದವಳು.
ತಳದಲ್ಲಿ ಬಾಕಿಯಿಟ್ಟು ಬಂದ ಉಸಿರೆಲ್ಲ
ಈಗ ಒಟ್ಟಿಗೇ ವಸೂಲಿಗೆ ಬಂದಿದೆ:
ಒಲೆ ಹಚ್ಚಿದ್ದು, ಅಪ್ಪ ಸತ್ತದ್ದು,
ನನ್ನ ಹೆಸರಿನ ಎರಡನೆಯ ಅಕ್ಷರ.
'ಮಿ' ಎನ್ನುತ್ತಾಳೆ. 'ಹ್ವಾ' ಬರುವುದಿಲ್ಲ.

ಮಿದುಳಿಗೆ ಗಾಳಿ ಸಾಲದೆ ಹೋಗಿರಬಹುದು, ಅಂದರು ಡಾಕ್ಟರು.
ಗಾಳಿಗೇ ಹೆಸರಾದ ಈ ದ್ವೀಪದಲ್ಲಿ!

ಅದಕ್ಕೇ ಕುದಿಸುತ್ತೇನೆ.
ಚಿಪ್ಪುಹುಳದ ಕರುಳು ಕದಡಿದ ಹಸಿರು ಗಂಜಿ,
ಕಡಲಪಾಚಿಯ ಸಾರು, ಮೇಲಿಷ್ಟು ಕಪ್ಪೆಳ್ಳು.
ಯಾಂಗ್ ಅಜ್ಜಿ ಒಂದು ಕಹಿಬೇರು ತಂದುಕೊಟ್ಟಳು,
ಯಾವುದಕ್ಕೆ ಎಂಬುದು ಅವಳಿಗೂ ಮರೆತಿತ್ತು.
ನಕ್ಕೆವು. ಅದನ್ನೂ ಹಾಕಿದೆ.
ಗುಣವೋ, ಅಥವಾ ಒಲೆಯ ಮುಂದೆ
ನನಗೊಂದು ಕೆಲಸವೋ.

ಇವತ್ತು ಮಾಚಿಪತ್ರೆಯ ಗಂಜಿ.
ಒಂದು ತುತ್ತು ನುಂಗಿದಳು, ಮುಖ ಕಿವುಚಿದಳು,
ಬುಟ್ಟಿಯಲ್ಲುಳಿದ ಹಸಿ ಎಲೆ ಕಂಡದ್ದೇ
ಬಟ್ಟಲು ಸರಿಸಿ ಎದ್ದಳು.
ಗೂಟಕ್ಕೆ ತೂಗಿದ್ದ ನನ್ನ ಮುಳುಗುಗನ್ನಡಕ ಎಳೆದು,
ಎಲೆ ಹಿಸುಕಿ, ಉಗುಳು ಹಚ್ಚಿ,
ಗಾಜು ಉಜ್ಜಿದಳು,
ಒಳಗೂ ಹೊರಗೂ, ಅಂಚಿನ ಸಂದಿಗೂ,
ಮಂಜು ಕಟ್ಟದ ಹಾಗೆ.
ಆ ಬೆರಳುಗಳಿಗೆ ಒಂದೂ ಮರೆತಿರಲಿಲ್ಲ.

"ತಗೋ ಹುಡುಗಿ, ನೀ ಯಾರ ಮಗಳೋ.
ಕೆಳಗೆ ಆಸೆ ಮಾಡಬೇಡ.
ಇನ್ನೊಂದೇ ಒಂದು ಚಿಪ್ಪು ಅನ್ನಿಸುತ್ತದಲ್ಲ,
ಆಗಲೇ
ಮೇಲೆ ಬಾ."