ಇತರೆ

ಡುಲೂತ್ ಬಂದರಿನ ಮಕ್ಕಳ ಕ್ಲಿನಿಕ್ಕಿನ ನೆಲಮಾಳಿಗೆಯಲ್ಲಿ
ನನ್ನ ಮೇಜು. ಹುಡುಗನನ್ನು ನಾನು ನೋಡಿಲ್ಲ.
ನನ್ನವರೆಗೆ ಇಳಿದು ಬರುವುದು ಅವನ ಹಾಳೆ ಮಾತ್ರ.

ಎಮೆಟ್ ಕಿನ್ನುನೆನ್. ಆರು ವರ್ಷ ಎರಡು ತಿಂಗಳು.
ಶಾಲೆಯ ಶೌಚಾಲಯಕ್ಕೆ ಹೋಗಲೊಲ್ಲ,
ಅಲ್ಲಿ ಕೈ ಒಣಗಿಸುವ ಯಂತ್ರ ಬೊಬ್ಬಿಡುತ್ತದೆ;
ಚಡ್ಡಿ ಒದ್ದೆ, ವಾರಕ್ಕೆ ಎರಡು ಸಲ.
ಕಾಲುಚೀಲದ ಹೊಲಿಗೆ ಬೆರಳಿಗೆ ತಾಗಿದರೆ
ಮುಳ್ಳು ಮುಳ್ಳು ಎನ್ನುತ್ತಾನೆ.
ತಾಯಿ ತಿರುವಿ ತೊಡಿಸುತ್ತಾಳೆ, ಹೊಲಿಗೆ ಹೊರಗೆ.
ತಿನ್ನುವುದು ಅಂಚು ಕತ್ತರಿಸಿದ ಬ್ರೆಡ್ಡು, ಸಿಪ್ಪೆ ತೆಗೆದ ಸೇಬು.
ಸೇತುವೆ ಮೇಲೇಳುವಾಗ ಹಡಗು ಕೂಗಿದರೆ
ಮೇಜಿನ ಕೆಳಗೆ.

ಥೆರಪಿಸ್ಟ್ ಸೋಲ್ವೇಗ್ ಒತ್ತೊತ್ತಾಗಿ ಬರೆಯುವವಳು.
ಅವಳ ಕೊನೆಯ ಸಾಲು:
ಭಾರದ ಕಂಬಳಿ ಹೊದಿಸಿದೆವು. ಹುಡುಗ
ಬೆಳಗಿನಿಂದ ಹಿಡಿದಿಟ್ಟ ಉಸಿರನ್ನು ಈಗ ಬಿಟ್ಟಂತಿತ್ತು.

ಆ ಸಾಲಿಗೆ ಕೋಡ್ ಇಲ್ಲ.

ಪುಸ್ತಕದಲ್ಲಿ ಬೇರೆ ಎಲ್ಲಕ್ಕೂ ಇದೆ.
ಬಾತುಕೋಳಿ ಕಚ್ಚಿದರೆ ಒಂದು ಅಂಕಿ,
ಅದೇ ಬಾತುಕೋಳಿ ಬಡಿದರೆ ಇನ್ನೊಂದು. ತಮಾಷೆಯಲ್ಲ.
ಮೈಯೆಲ್ಲ ಕಿವಿಯಾದ ಮಗುವಿಗೆ ಮಾತ್ರ
ಪುಟ ಮಗುಚಿದಷ್ಟೂ ಬಿಳಿ.
ಚರ್ಮಕ್ಕೆ ಬೇಕೆಂದರೆ ಆರ್ ಇಪ್ಪತ್ತು ಬಿಂದು ಮೂರು.
ಕಿವಿಗೆ ಎಚ್ ತೊಂಬತ್ತಮೂರರ ಬಳಗ,
ಅದು ಎಡವೋ ಬಲವೋ ಎರಡೂವೋ ಎಂದು ಕೇಳುತ್ತದೆ.
ಚೂರುಗಳು. ಕೂಡಿಸಿದರೆ ಹುಡುಗ ಆಗುವುದಿಲ್ಲ.

ಎಫ್ ಎಂಬತ್ತನಾಲ್ಕು ಬಿಂದು ಸೊನ್ನೆ ಒತ್ತಿದರೆ
ವಿಮೆಯವರ ಹಣ ಬಹುಶಃ ಬಂದೇ ಬರುತ್ತದೆ.
ಬೆರಳು ಅಲ್ಲಿಯವರೆಗೆ ಹೋಯಿತು, ಸುಳ್ಳು ಹೇಳಲಾರೆ.
ಆದರೆ ಡಾಕ್ಟರು ಎರಡು ಸಲ ನೋಡಿ
ಆಟಿಸಂ ಅಲ್ಲ ಎಂದು ಬರೆದಿದ್ದಾರೆ.
ಬರೆದದ್ದಷ್ಟೇ ನನ್ನದು. ಬರೆಯದೆ ಇದ್ದದ್ದು ನಡೆದೇ ಇಲ್ಲ.
ಇಪ್ಪತ್ತೆರಡು ವರ್ಷದಿಂದ ಇದೇ ಜಪ.

ಹಾಗಾಗಿ ಎಫ್ ಎಂಬತ್ತೆಂಟು.
ಬೆಳವಣಿಗೆಯ ಇತರೆ ತೊಂದರೆಗಳು.
ಇತರೆ ಅಂದರೆ ಅಡುಗೆಮನೆಯ ಆ ಒಂದು ಡ್ರಾಯರು:
ತುಂಡು ದಾರ, ಸತ್ತ ಬ್ಯಾಟರಿ,
ಯಾವ ಬೀಗದ್ದೋ ಗೊತ್ತಿಲ್ಲದೆಯೂ ಎಸೆಯಲಾಗದ ಕೀಲಿ.

ಒಂಬತ್ತನೆಯ ದಿನ ಉತ್ತರ ಬಂತು.
ವೈದ್ಯಕೀಯವಾಗಿ ಅಗತ್ಯವಿಲ್ಲ.

ನನ್ನ ತಮ್ಮ ರೂಬೆನ್‌ಗೂ ಒಂದು ಕೋಡ್ ಇತ್ತು.
ಭಾನುವಾರದ ಚರ್ಚಿಗೆ ಅಜ್ಜಿ ಹೆಣೆದ ಉಣ್ಣೆಯ ಸ್ವೆಟರ್;
ಕತ್ತು ತೂರಿಸುವಷ್ಟರಲ್ಲಿ ಕಿರುಚಾಟ.
ಹಠ, ಅಂದರು. ಎರಡೇ ಅಕ್ಷರ.
ಅದನ್ನು ಯಾರೂ ತಿರಸ್ಕರಿಸಲಿಲ್ಲ, ದಾಖಲೆ ಕೇಳಲಿಲ್ಲ,
ಆ ಕ್ಲೇಮು ಅಲ್ಲೇ, ಕಾರಿನ ಪಕ್ಕದಲ್ಲೇ,
ಅಪ್ಪನ ಬೆಲ್ಟಿನಲ್ಲಿ ಪೂರ್ತಿ ಪಾವತಿಯಾಯಿತು.

ಈಗ ಅವನಿಗೆ ಐವತ್ತೊಂದು. ರಾತ್ರಿ ಪಾಳಿಯಲ್ಲಿ
ಹಿಮ ತಳ್ಳುವ ಲಾರಿ ಓಡಿಸುತ್ತಾನೆ, ರೇಡಿಯೋ ಹಾಕದೆ.
ಒಳಂಗಿ ಸದಾ ಉಲ್ಟಾ.
ಮರೆವು ಎಂದುಕೊಂಡಿದ್ದೆವು, ನಗುತ್ತಿದ್ದೆವು.

ಎಮೆಟ್‌ನ ತಾಯಿ ಫೋನ್ ಮಾಡಿದ್ದಳು.
ದುಡ್ಡಿನ ಮಾತು ಆಮೇಲೆ, ಎಂಬತ್ತೆಂಟು ಅಂದರೆ ಏನು,
ನಮ್ಮ ಅತ್ತೆಗೆ ನಾನೇನು ಹೇಳಲಿ?
ಅರ್ಥ ಹೇಳುವ ಅಧಿಕಾರ ನನಗಿಲ್ಲ.
ಇಲ್ಲ ಎಂದೇ ಹೇಳಿದೆ.
ಫೋನಿಟ್ಟ ಮೇಲೆ ಮೇಲ್ಮನವಿ ತೆರೆದೆ,
ಹೆಚ್ಚುವರಿ ವಿವರ ಎಂಬ ಚೌಕದಲ್ಲಿ
ಸೋಲ್ವೇಗಳ ಆ ಉಸಿರಿನ ಸಾಲನ್ನು
ಒಂದಕ್ಷರ ಬಿಡದೆ ಇಳಿಸುತ್ತಿದ್ದೇನೆ.

ಹೊರಗೆ ಅದಿರಿನ ಹಡಗು: ಒಂದು ಉದ್ದ, ಎರಡು ಗಿಡ್ಡ.
ಕಿಟಕಿಯಿಲ್ಲದ ಈ ಗೋಡೆಗೂ ಕೇಳಿಸುತ್ತದೆ.
ಶಾಲೆ ಬಿಡಲು ಇನ್ನೂ ಹತ್ತು ನಿಮಿಷವಿದೆ.